ರಾಯರ ಹೆಸರಿಗೆ ನಾನು ‘ಓ’ ಅಂದದ್ದು

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಗೆ ಬರುವವರು ಹೊರಗೆ ನಿಂತು ಕೂಗುವುದಿಲ್ಲ. ಬಾಗಿಲ ಚಿಲಕ ಬಡಿಯುತ್ತಾರೆ. ಓಣಿಯ ಮಂದಿಗೆಲ್ಲ ಇದು ಗೊತ್ತು. ಕೂಗಿದರೆ ನಾನು ‘ಓ’ ಅನ್ನುವುದಿಲ್ಲ, ಕೂಗಿದವನು ಸ್ವಂತ ಅಣ್ಣನಾದರೂ ಅನ್ನುವುದಿಲ್ಲ. ಹುಚ್ಚ ಅನ್ನುವವರು ಅಂದುಕೊಳ್ಳಲಿ. ಕಥೆ ಕಟ್ಟುತ್ತಾನೆ ಅನ್ನುವವರಿಗೆ ಮಾತ್ರ ಒಂದು ಮಾತು... ಹದಿನಾಲ್ಕು ವರ್ಷ ನಾನು ಸಿನೆಮಾದಲ್ಲಿ ಸುಳ್ಳು ಸಾವು ಸತ್ತವನು. ಸುಳ್ಳು ಯಾವುದು, ನಿಜ ಯಾವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಇದು ನಿಜ.

ನಾವು ನದಾಫರು. ಹಳೇ ಹುಬ್ಬಳ್ಳಿಯಲ್ಲಿ ಅರಳೆ ಹಿಂಜಿ ಗಾದಿ ತುಂಬುವ ಮನೆತನ. ನನಗೆ ದೇವರು ಕೊಟ್ಟದ್ದು ಆರಡಿ ಎತ್ತರ, ಹಿಂಜುವ ಬಿಲ್ಲು ಎಳೆದೆಳೆದು ಬಂದದ್ದು ಅಗಲವಾದ ಎದೆ. ಊರಿಗೊಂದು ನಾಟಕ ಕಂಪನಿ ಬಂದಾಗ ರಾಜನ ಹಿಂದೆ ಭರ್ಚಿ, ಅಂದರೆ ಈಟಿ, ಹಿಡಿದು ನಿಲ್ಲಲು ಎತ್ತರದವನೊಬ್ಬ ಬೇಕಾಗಿದ್ದ. ನಿಂತೆ. ಅಲ್ಲಿಂದ ಕೊಲ್ಹಾಪುರ, ಅಲ್ಲಿಂದ ಮುಂಬಯಿ. ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ಆಮೇಲೆ ಚಿತ್ರಗಳಿಗೆ ಮಾತು ಬಂತು, ನನಗೆ ಬರಲಿಲ್ಲ.

ನಾನು ದ್ವಾರಪಾಲಕನಾದೆ, ಋಷಿಯಾದೆ, ಮದುವೆ ಮನೆಯ ಬೀಗನಾದೆ. ಒಂದು ಚಿತ್ರದಲ್ಲಿ ಎರಡೂ ಸೈನ್ಯದ ಕಡೆಯಿಂದ ಸತ್ತೆ. ನಮ್ಮಂಥವರಿಗೆ ಇದ್ದದ್ದು ಎರಡೇ ನಿಯಮ. ಕ್ಯಾಮೆರಾದ ಕಣ್ಣಿಗೆ ಕಣ್ಣು ಕೊಡಬಾರದು, ಹೀರೋನ ಮುಖದ ಪಕ್ಕ ಮುಖ ತರಬಾರದು. ನನ್ನ ಹೆಸರನ್ನು ಯಾರೂ ಕೇಳಲಿಲ್ಲ. “ಏ ಭರ್ಚಿ, ಹಿಂದ ಸರಿ.” “ಏ ಭರ್ಚಿ, ನಿನ್ನ ನೆರಳ ರಾಯರ ಮ್ಯಾಲೆ ಬೀಳಾಕತ್ತೈತಿ.” ಕೈಯಲ್ಲಿ ಭರ್ಚಿ ಇಲ್ಲದ ದಿನವೂ ನಾನು ಭರ್ಚಿಯೇ.

ನನ್ನವ್ವ ಒಂದೇ ಒಂದು ಚಿತ್ರ ನೋಡಿದಳು. ಪರದೆಯ ಮೇಲೆ ನನ್ನ ಬೆನ್ನು ಬಂದಾಗ ಗುರುತು ಹಿಡಿದು, “ಅದು ನಮ್ಮ ಹುಡುಗನ ಬೆನ್ನ” ಎಂದಳು. ಹಿಂದೆ ಕುಳಿತವರು ನಕ್ಕರು. ಮನೆಗೆ ಬಂದ ಮೇಲೆ ಕೇಳಿದಳು, “ಮೊದಲಿಗೆ ಹೆಸರ ಬರ್ತಾವಲ್ಲೋ, ಅದರಾಗ ನಿಂದು ಎಷ್ಟನೇದು?” ಅವಳಿಗೆ ಓದಲು ಬರುತ್ತಿರಲಿಲ್ಲ. “ಒಂಬತ್ತನೇದವ್ವಾ” ಎಂದೆ. ಓಣಿ ತುಂಬ ಹೇಳಿಕೊಂಡು ಬಂದಳು. ಮುಂದಿನ ವರ್ಷ ತೀರಿಕೊಂಡಳು.

ಅವಳು ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರು ಉಳಿಯಲಿಲ್ಲ. ಅಣ್ಣನಿಗೆ ನಾನು ‘ತಮ್ಮಾ’. ಹೆಂಡತಿ ಮಾಬೂಬಿಯಂತೂ ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. ಅವಳಿಗೆ ನಾನು ‘ಏನ್ರೀ’. ಜೀವನದಲ್ಲಿ ನನಗೆ ಇದ್ದ ಆಸೆ ಒಂದೇ. ಒಂದು ಸಲ, ಒಂದೇ ಸಲ, ಪರದೆಯ ಮೇಲೆ ನನ್ನ ಹೆಸರು ಬರಬೇಕು. ಅವ್ವನಿಗೆ ಹೇಳಿದ ಸುಳ್ಳು ನಿಜವಾಗಬೇಕು.

ಆ ಆಸೆಯೇ ಎಲ್ಲವನ್ನೂ ಮಾಡಿಸಿತು.

ಯುದ್ಧದ ಕಾಲ ಅದು. ಧಾರವಾಡದಲ್ಲಿ ಕೆಲವರು ಸೇರಿ ಚಿತ್ರ ತೆಗೆಯಲು ಹೊರಟರು. ಮಾಳಮಡ್ಡಿಯಲ್ಲಿ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದರು, ಬಯಲಿನ ಕೆಲಸಕ್ಕೆ ಸತ್ತೂರ ಕಡೆಯ ಹೊಲ. ರಾಜನೊಬ್ಬ ಶರಣನಾಗಿ, ಕುಳಿತಲ್ಲೇ ಶಿವನ ಪಾದ ಸೇರುವ ಕಥೆ. ರಾಜನ ಪಾತ್ರಕ್ಕೆ ರತ್ನಾಕರರಾಯರು, ಮೊದಲಿನಿಂದಲೂ ನಾನು ಯಾರ ಹಿಂದೆ ಭರ್ಚಿ ಹಿಡಿದು ನಿಂತಿದ್ದೆನೋ ಅವರೇ. ಹೆಸರಾಂತ ನಟ, ಗಂಟೆಯಂಥ ಕಂಠ. ಅವರು ನಿಂತರೆ ನನ್ನಷ್ಟೇ ಎತ್ತರ, ನನ್ನಷ್ಟೇ ಅಗಲ. ಅದಕ್ಕಾಗಿಯೇ ನನ್ನನ್ನು ಅವರ ಹಿಂದೆ ತೀರಾ ದೂರ ನಿಲ್ಲಿಸುತ್ತಿದ್ದರು.

ನಮ್ಮ ಕಡೆ ಶರಣರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವು, ಬಾಳೆಕಂಬ ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂಡಿಸಿ, ಭಜನೆ ಹಾಡುತ್ತ ಹೊತ್ತೊಯ್ಯುತ್ತಾರೆ. ಚಿತ್ರದ ಕೊನೆಯ ದೃಶ್ಯ ಅದೇ. ರಾಯರು ವಿಮಾನ ನೋಡಿದವರೇ ಹಿಂದೆ ಸರಿದರು. ಬದುಕಿದ್ದಾಗಲೇ ಅದರಲ್ಲಿ ಕೂಡುವುದು ಅಪಶಕುನ, ತಾವು ಕೂಡುವುದಿಲ್ಲ ಎಂದರು.

ಮ್ಯಾನೇಜರ್ ನನ್ನ ಹತ್ತಿರ ಬಂದ. “ಭರ್ಚಿ, ನೀ ಕುಂದರು. ಈ ಸಲ ಬೆನ್ನಲ್ಲ, ಮಾರಿನ ಕಾಣತೈತಿ. ನಿನ್ನ ಹೆಸರೂ ಪರದೆ ಮ್ಯಾಲೆ ಹಾಕಸ್ತೀನಿ.”

“ಖರೇನ್ರಿ?”

“ಖರೇ ಅಂದ್ರ ಖರೇ. ಲಗೂ ನಡಿ, ಬಿಸಲ ಇಳ್ಯಾಕತ್ತೈತಿ.”

ಹೆಸರು ಹಾಕಿಸುತ್ತೇನೆ ಎಂದವನು ಹೆಸರೇನು ಎಂದು ಕೇಳಲಿಲ್ಲ. ನನಗೆ ಅಲ್ಲೇ ತಿಳಿಯಬೇಕಾಗಿತ್ತು.

ಬಣ್ಣ ಹಚ್ಚುವವರು ದೇವಪ್ಪ ಕಾಕಾ, ನಾಟಕ ಕಂಪನಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ನನಗೆ ರಾಯರದೇ ಗಡ್ಡ ಮೀಸೆ ಅಂಟಿಸಿ ಹಣೆಗೆ ವಿಭೂತಿ ಬಳಿದರು, ರಾಯರ ಕಿರೀಟ ಇಟ್ಟರು, ಕೊರಳಿಗೆ ಸೇವಂತಿಗೆ ಹಾರ ಹೇರಿದರು. ಚಕ್ಕಳಮಕ್ಕಳ ಹಾಕಿ ಕೂಡಿಸಿ, ಬೆನ್ನು ನೆಟ್ಟಗಿರಲೆಂದು ಬಟ್ಟೆಯಿಂದ ಹಿಂದಿನ ಬಿದಿರಿಗೆ ಕಟ್ಟಿದರು. ಹತ್ತುವಾಗ ಬಿದಿರಿನ ಸಿಬಿರು ನನ್ನ ಎಡಗೈ ಹೆಬ್ಬೆರಳಿಗೆ ನಟ್ಟಿತ್ತು. ರಕ್ತ ಕಾಣಬಾರದೆಂದು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಹಿಡಿದೆ. ಅದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಣ್ಣು ಮುಚ್ಚಿದೆ. ಹೊತ್ತೊಯ್ದರು. ಭಜನೆ, ತಾಳ, ಹೂವಿನ ವಾಸನೆ, ಹಸಿ ಬಿದಿರಿನ ವಾಸನೆ... ಕ್ಯಾಮೆರಾ ಗರ್ ಗರ್ ಎಂದು ನನ್ನ ಮುಖದ ಸಮೀಪವೇ ತಿರುಗುತ್ತಿತ್ತು. ನಾನು ಉಸಿರು ಹಿಡಿದು ಸತ್ತಿದ್ದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಸತ್ತಿರಲಿಲ್ಲ ಎಂದು ಈಗಲೂ ಹೇಳಬಲ್ಲೆ.

ದೃಶ್ಯ ಮುಗಿಯಿತು. ವಿಮಾನ ಕೆಳಗಿಳಿಸಿದರು. ನಾನು ಏಳಲಿಲ್ಲ, ಏಳುವಂತಿರಲಿಲ್ಲ. ನಾಟಕದವರಲ್ಲಿ ಒಂದು ಕಟ್ಟಳೆಯಿದೆ. ಸತ್ತಂತೆ ನಟಿಸಿದವನು ತಾನಾಗಿ ಏಳಬಾರದು. ಅವನನ್ನು ಅವನ ಹೆಸರು ಹಿಡಿದು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೆ ಅವನು ‘ಓ’ ಅನ್ನಬೇಕು. ಆಮೇಲೆ ಬಾಯಿಗೆ ಬೆಲ್ಲ ಇಟ್ಟು ಎಬ್ಬಿಸಬೇಕು. ಅದರ ಕಾರಣವನ್ನು ಕಾಕಾ ನನಗೆ ಎಂದೋ ಹೇಳಿದ್ದರು. “ಸತ್ತಂಗ ಕುಂತವನ ಮುಂದ ಸಾವು ಬಂದು ನೋಡ್ಕೋತ ನಿಂತಿರ್ತೈತಿ. ಅವ್ವ ಇಟ್ಟ ಹೆಸರು ಕೇಳಿದ್ರ, ಇಂವಾ ಬ್ಯಾರೆದಾಂವ ಅಂತ ಬಿಟ್ಟು ಹೋಗತೈತಿ.”

ಮ್ಯಾನೇಜರ್ ಬೆಲ್ಲ ಹಿಡಿದು ಬಂದು ನಿಂತ. “ಇಂವನ ಹೆಸರೇನಪಾ?”

ನಾನು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ. ಹದಿನಾಲ್ಕು ವರ್ಷ ಒಟ್ಟಿಗೆ ಉಂಡವರು, ಒಂದೇ ಚಾಪೆಯ ಮೇಲೆ ಮಲಗಿದವರು ಅಲ್ಲಿದ್ದರು.

“ಎಲ್ಲಾರೂ ಭರ್ಚಿ ಅಂತೀವ್ರಿ” ಎಂದ ಒಬ್ಬ.

ಬೆತ್ತದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ರಾಯರು ನಕ್ಕರು. “ಭರ್ಚಿ ಅಂತ ಕೂಗಿದ್ರ ಭರ್ಚಿ ಎದ್ದು ಬರತೈತಿ. ನನ್ನ ಹೆಸರಲೇ ಕೂಗ್ರಿ. ಇವತ್ತೊಂದಿನಾ ಅಂವಾನೂ ಹೀರೋ ಆಗ್ಲಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಮ್ಯಾನೇಜರ್ ನಗುತ್ತಲೇ ಕೂಗಿದ. “ರತ್ನಾಕರರಾಯಾ...”

ದೇವಪ್ಪ ಕಾಕಾ ನನ್ನ ಕಿವಿಯ ಹತ್ತಿರ ಬಗ್ಗಿದರು. “ಓ ಅನಬ್ಯಾಡೋ ತಮ್ಮಾ. ಇದು ಚಾಷ್ಟಿ ಮಾಡೂ ಮಾತಲ್ಲ. ನಿನ್ನ ಹೆಸರ ನೀನಽ ಹೇಳು.”

“ರತ್ನಾಕರರಾಯಾ...”

ಆಗ ನನಗೆ ಬಂದ ಸಿಟ್ಟನ್ನು ಈಗ ಮುಚ್ಚಿಟ್ಟು ಪುಣ್ಯವಂತನ ಹಾಗೆ ಮಾತಾಡಲಾರೆ. ಮೈಯೆಲ್ಲ ಉರಿಯಿತು. ನನ್ನ ಹೆಸರು ಹೇಳುವುದು ಎಷ್ಟು ಹೊತ್ತಿನ ಕೆಲಸ? ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ಸಾವು ಎದುರಿಗೆ ನಿಂತಿರುವುದೇ ನಿಜವಾದರೆ ಈ ಹೆಸರನ್ನೇ ಕೇಳಿಕೊಳ್ಳಲಿ, ಈ ಹೆಸರಿನವನನ್ನೇ ಒಯ್ಯಲಿ ಎಂದುಕೊಂಡೆ.

“ರತ್ನಾಕರರಾಯಾ...”

“ಓ” ಎಂದೆ. ಎದೆ ತುಂಬಿ, ಗಟ್ಟಿಯಾಗಿ.

ಬಾಯಿಗೆ ಬೆಲ್ಲ ಬಿತ್ತು. ಕಣ್ಣು ತೆರೆದೆ. ನಗು ನಿಂತಿತ್ತು. ರಾಯರು ಚಹಾದ ಬಟ್ಟಲನ್ನು ಅರ್ಧಕ್ಕೆ ಹಿಡಿದು ಹಿಂದೆ ತಿರುಗಿ ನೋಡುತ್ತಿದ್ದರು, ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕಾಕಾ ಆಗಾಗ ಸುದ್ದಿ ತರುತ್ತಿದ್ದರು. ರಾಯರು ಹಾರ ಹಾಕಿಸಿಕೊಳ್ಳುವುದಿಲ್ಲವಂತೆ, ಎಲ್ಲಿ ಕುಳಿತರೂ ಸೇವಂತಿಗೆ ವಾಸನೆ ಅನ್ನುತ್ತಾರಂತೆ. “ನೀ ಹೋಗಿ ತಪ್ಪಾತು ಅನ್ನು” ಎಂದರು ಕಾಕಾ. “ತಪ್ಪು ಯಾರದು ಕಾಕಾ? ಉಪ್ಪು ತಿಂದಾಂವ ನೀರ ಕುಡೀಲಿ” ಎಂದೆ. ಹಾಗೆ ಅಂದದ್ದು ನನಗೆ ಆಗ ಸಿಹಿಯಾಗಿತ್ತು.

ಚಿತ್ರ ಹುಬ್ಬಳ್ಳಿಗೆ ಬಂತು. ಮೊದಲ ದಿನದ ರಾತ್ರಿ ಆಟಕ್ಕೆ ರಾಯರೇ ಬರುತ್ತಾರೆಂದು ಡಂಗುರ ಹೊಡೆಸಿದ್ದರು. ಮಾಬೂಬಿಯನ್ನು ಕರೆದುಕೊಂಡು ಹೋಗಿ ಕೆಳಗಿನ ಬೆಂಚಿನಲ್ಲಿ ಕುಳಿತೆ. ರಾಯರು ಮೇಲಿನ ಬಾಲ್ಕನಿಯ ಮಧ್ಯದಲ್ಲಿ, ದೊಡ್ಡ ಕುರ್ಚಿಯ ಮೇಲೆ. ಪಕ್ಕದಲ್ಲಿ ಮ್ಯಾನೇಜರ್.

ದೀಪ ಆರಿತು. ಹೆಸರುಗಳು ಬರತೊಡಗಿದವು. ನಾನು ಬೆರಳು ಮಡಚಿ ಎಣಿಸಿದೆ. ಒಂಬತ್ತನೆಯದು ಊಟದ ವ್ಯವಸ್ಥೆ ಮಾಡಿದವನ ಹೆಸರು. ಹದಿನೈದು ಬಂದವು, ಮುಗಿದವು. ನನ್ನದಿರಲಿಲ್ಲ.

“ಎಷ್ಟನೇದು ನಿಮ್ದು?” ಎಂದು ಮಾಬೂಬಿ ಪಿಸುಗುಟ್ಟಿದಳು. ಅವಳಿಗೂ ಓದು ಬರುವುದಿಲ್ಲ. ನಾನು ಮಡಚಿದ ಬೆರಳು ಬಿಡಿಸಿದೆ.

ಕೊನೆಯ ದೃಶ್ಯ ಬಂತು. ವಿಮಾನ. ಪರದೆಯ ತುಂಬ ನನ್ನ ಮುಖ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಕೆಲವರು ಎದ್ದು ಕೈ ಮುಗಿದರು. ನನ್ನ ಮುಂದೆ ಕುಳಿತ ಮುದುಕ ಪಕ್ಕದವನಿಗೆ, “ಏನ್ ಅದ್ಭುತ ಮಾಡ್ಯಾರಪಾ ರಾಯರು, ಖರೇನ ಜೀವಾ ಹೋದಂಗೈತಿ” ಎಂದ.

“ಅಂವಾ ನಾನು” ಎಂದೆ. ಎದ್ದು ನಿಂತು, ಹಲ್ಲು ಕಚ್ಚಿ ಎಂದೆ. ಯಾರಿಗೂ ಕೇಳಲಿಲ್ಲ. ಮಾಬೂಬಿ ನನ್ನ ತೋಳು ಹಿಡಿದು ಕೂಡಿಸಿದಳು.

ಆಗಲೇ ವಾಸನೆ ಬಂದದ್ದು. ಬೀಡಿ ಹೊಗೆ, ಬೆವರು, ಕಡಲೆಕಾಯಿ ಸಿಪ್ಪೆಯ ನಡುವೆ... ಸೇವಂತಿಗೆ. ಅದರ ಹಿಂದೆ ಹಸಿ ಬಿದಿರು. ಮಾಬೂಬಿಯೂ ಮೂಗು ಅರಳಿಸಿದಳು. “ಹೂವಿನ ವಾಸನಿ ಎಲ್ಲಿಂದ್ರೀ?”

ದೀಪ ಹತ್ತಿತು. ಚಪ್ಪಾಳೆ. ಎಲ್ಲರೂ ಬಾಲ್ಕನಿಯ ಕಡೆ ತಿರುಗಿದರು. ರಾಯರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಕೈಗಳು ತೊಡೆಯ ಮೇಲೆ. ಪರದೆಯ ಮೇಲೆ ಕುಳಿತಿದ್ದ ಹಾಗೆಯೇ. ಮಂದಿಗೆ ಖುಷಿಯೋ ಖುಷಿ. ರಾಯರು ತಮಗಾಗಿ ಆ ಭಂಗಿ ತೋರಿಸುತ್ತಿದ್ದಾರೆಂದು ಶಿಳ್ಳೆ ಹೊಡೆದರು.

ನಾನು ಮಾತ್ರ ಅವರ ಎಡಗೈ ನೋಡಿದೆ. ಹೆಬ್ಬೆರಳು ಮುಷ್ಟಿಯೊಳಗೆ ಮಡಚಿಕೊಂಡಿತ್ತು.

ಮ್ಯಾನೇಜರ್ ಬಗ್ಗಿ ಭುಜ ಅಲುಗಿಸಿದ. “ರತ್ನಾಕರರಾಯರ...” ಚಪ್ಪಾಳೆ ಕಡಿಮೆಯಾಯಿತು. “ರತ್ನಾಕರರಾಯರ, ಏಳ್ರಿ...” ಥೇಟರು ಸ್ತಬ್ಧವಾಯಿತು. ಮೂರನೆಯ ಸಲ ಅವನು ಎರಡೂ ಭುಜ ಹಿಡಿದು ಕೂಗಿದ. “ರತ್ನಾಕರರಾಯಾ...”

“ಓ.”

ಅಂದವನು ನಾನು. ನನಗೆ ಅನ್ನುವ ಮನಸ್ಸಿರಲಿಲ್ಲ, ಆದರೂ ನನ್ನ ಗಂಟಲಿನಿಂದಲೇ ಬಂತು. ಬಾಯಿ ತುಂಬ ಬೆಲ್ಲದ ರುಚಿ. ಏಳೆಂಟು ಮಂದಿ ತಿರುಗಿ ನೋಡಿದರು. ಮಾಬೂಬಿ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿ, ಗದ್ದಲದ ನಡುವೆ ಎಳೆದುಕೊಂಡು ಹೊರಗೆ ತಂದಳು. ಹೃದಯ ನಿಂತಿತೆಂದು ಡಾಕ್ಟರು ಹೇಳಿದ್ದು ಮರುದಿನ ತಿಳಿಯಿತು. ಮಡಚಿದ ಕಾಲು ಬಿಡಿಸಲು ಆಗಲಿಲ್ಲವಂತೆ, ಕುಳಿತ ಹಾಗೆಯೇ ಒಯ್ದರಂತೆ.

ದಾರಿಯುದ್ದಕ್ಕೂ ಅವಳಿಗೆ ಎಲ್ಲ ಹೇಳಿದೆ. ಕೂಗಿದ್ದು, ನಾನು ಓ ಅಂದದ್ದು, ಮನಸ್ಸಿನಲ್ಲಿ ಶಾಪ ಹಾಕಿದ್ದು. ಅವಳು ಬೈಯಲಿಲ್ಲ. “ಆ ಹೆಸರ ನೀವು ತಗೊಂಡ್ರಿ. ಈಗ ಆ ರಾಯ ಅದನ್ನ ನಿಮಗಽ ಕೊಡಾಕ ಬರ್ತಾನ” ಎಂದಳು.

ಓಣಿಯಲ್ಲಿ ನಾಯಿಗಳು ಬೊಗಳಲಿಲ್ಲ. ಮನೆಗೆ ಬಂದು ಅಗಳಿ ಹಾಕಿದೆವು. ಕಂದೀಲು ಸಣ್ಣದು ಮಾಡಿ ಗಾದಿಯ ಮೇಲೆ ಬಿದ್ದುಕೊಂಡೆ. ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ...

“ರತ್ನಾಕರರಾಯಾ...”

ಹೊರಗೆ, ಓಣಿಯ ತುದಿಯಿಂದ. ಅದು ರಾಯರ ದನಿ. ಹದಿನಾಲ್ಕು ವರ್ಷ ಅದರ ಹಿಂದೆ ನಿಂತವನು ನಾನು, ತಪ್ಪಲು ಸಾಧ್ಯವಿಲ್ಲ. ತಮ್ಮ ಹೆಸರನ್ನು ತಾವೇ ಕೂಗುತ್ತಿದ್ದರು. ದನಿಯಲ್ಲಿ ಅಳು ಇರಲಿಲ್ಲ, ಬೇಡಿಕೆ ಇರಲಿಲ್ಲ. ಅವತ್ತು ನಾನು ಓ ಅಂದಾಗ ನನ್ನ ದನಿಯಲ್ಲಿದ್ದ ಅದೇ ಹಗೆ ಇತ್ತು.

ಏಳಬೇಕೆಂದುಕೊಂಡೆ. ಎದ್ದೆ ಕೂಡ. ಆದರೆ ಕಾಲು ತಾವಾಗಿ ಮಡಚಿಕೊಂಡವು. ಬೆನ್ನು ನೆಟ್ಟಗಾಯಿತು, ಯಾರೋ ಹಿಂದಿನಿಂದ ಬಟ್ಟೆ ಬಿಗಿದ ಹಾಗೆ. ಎಡ ಹೆಬ್ಬೆರಳು ಮುಷ್ಟಿಯೊಳಗೆ ಸರಿಯಿತು. ರೆಪ್ಪೆಗಳು ಭಾರವಾಗಿ ಮುಚ್ಚಿದವು.

“ರತ್ನಾಕರರಾಯಾ...”

ಈಗ ಬಾಗಿಲಲ್ಲಿ. ಸೇವಂತಿಗೆ ವಾಸನೆ ಉಸಿರು ಕಟ್ಟುವಷ್ಟು. ಬಾಯಲ್ಲಿ ಬೆಲ್ಲ ಕರಗತೊಡಗಿತು. ನಾಲಿಗೆ ಮೇಲೆದ್ದು ಕಾಯುತ್ತಿತ್ತು. ಇನ್ನೊಂದು ಕೂಗು, ನಾನು ಓ ಅನ್ನುತ್ತೇನೆ, ಮುಗಿಯಿತು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಕತ್ತಲಲ್ಲಿ ಮಾಬೂಬಿ ನನ್ನ ಮುಖವನ್ನು ಎರಡೂ ಕೈಯಿಂದ ಹಿಡಿದಳು. “ಅಲ್ಲಾ, ನನ್ನ ಆಯುಷ್ಯ ಇವರಿಗೆ ಹಾಕು” ಎಂದಳು. ಆಮೇಲೆ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ...

“ಮೌಲಾಲಿ.”

ಹೊರಗೆ ಹೆಜ್ಜೆ ಸರಿದ ಸಪ್ಪಳ.

“ಮೌಲಾಲಿ.”

ಚಿಲಕ ಒಮ್ಮೆ ಅಲುಗಿತು.

“ಮೌಲಾಲೀ...”

ಓಣಿಗೆಲ್ಲ ಕೇಳುವಂತೆ ಕೂಗಿದಳು. “ಓ” ಎಂದೆ. ಕಾಲು ಸಡಿಲಾದವು. ಬಾಯಿಯ ಸಿಹಿ ಹೋಗಿ ಉಪ್ಪು ಹತ್ತಿತು, ಅದು ನನ್ನ ಕಣ್ಣೀರು. ನಾನು ಹೆದರಿ ಅತ್ತೆನೆಂದು ಅವಳು ತಿಳಿದಳು. ನಾನು ಅತ್ತದ್ದು ಹೆಸರಿಗೆ. ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಪರದೆಯ ಮೇಲೆ ಬರದಿದ್ದರೂ ಅಡ್ಡಿಯಿಲ್ಲ, ಇಷ್ಟು ಸಾಕು ಎನಿಸಿತು.

ಮರುದಿನವೇ ಸಿನೆಮಾ ಬಿಟ್ಟೆ. ಮತ್ತೆ ಬಿಲ್ಲು ಹಿಡಿದು ಅರಳೆ ಹಿಂಜುತ್ತೇನೆ. ಮೂರು ವರ್ಷ ಏನೂ ಆಗಲಿಲ್ಲ. ರಾಯರ ಹೆಸರನ್ನು ಯಾರೂ ಕೂಗಲಿಲ್ಲ. ಅವರ ಮೇಲಿನ ನನ್ನ ಸಿಟ್ಟೂ ಇಳಿದಿತ್ತು. ಸತ್ತವರ ಮೇಲೆ ಎಷ್ಟು ದಿನ ಹಲ್ಲು ಕಡಿಯುವುದು?

ಹೋದ ತಿಂಗಳು, ಮಾಬೂಬಿ ರೊಟ್ಟಿ ಬಡಿಯುತ್ತಿದ್ದಳು. ನಾನು ಗಾದಿಗೆ ಹೊಲಿಗೆ ಹಾಕುತ್ತಿದ್ದೆ. ಸೇವಂತಿಗೆ ವಾಸನೆ ಬಂತು. ಓಣಿಯ ತುದಿಯಿಂದ, ಗಂಟೆಯಂಥ ಆ ಕಂಠ.

“ಮೌಲಾಲಿ...”

ರೊಟ್ಟಿಯ ಸಪ್ಪಳ ನಿಂತಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ರಾತ್ರಿ ಅವಳು ಬಾಗಿಲೊಳಗಿನಿಂದ ಕೂಗಿದ್ದನ್ನು ಹೊರಗೆ ನಿಂತವನೂ ಕೇಳಿಸಿಕೊಂಡಿದ್ದ. ಹದಿನಾಲ್ಕು ವರ್ಷ ಕೇಳದೆ ಬಿಟ್ಟ ಹೆಸರನ್ನು ಕೊನೆಗೂ ಕಲಿತಿದ್ದ.

ಮೊನ್ನೆ ಗುರುವಾರ ಎರಡನೆಯ ಸಲ ಕೂಗಿದ. ಈ ಸಲ ಬಾಗಿಲಲ್ಲಿ.

ಮೂರನೆಯದು ಇನ್ನೂ ಬಂದಿಲ್ಲ. ಬಂದರೆ ಮಾಬೂಬಿ ಏನೆಂದು ಕೂಗಬೇಕು? ನನಗೆ ಇರುವುದು ಅದೊಂದೇ ಹೆಸರು. ಅದಕ್ಕೇ ನಿಮಗೂ ಹೇಳುತ್ತೇನೆ. ಹಳೇ ಹುಬ್ಬಳ್ಳಿಗೆ ಬಂದರೆ ನಮ್ಮ ಮನೆಗೆ ಬನ್ನಿ, ಚಹಾ ಕುಡಿದು ಹೋಗಿ. ಚಿಲಕ ಬಡಿಯಿರಿ, ತೆರೆಯುತ್ತೇನೆ. ನನ್ನನ್ನು ಹೆಸರು ಹಿಡಿದು ಮಾತ್ರ ಕರೆಯಬೇಡಿ.